ಹಿಂದಕ್ಕೆ ನಡೆಯುವವರ ಊರಿನಲ್ಲಿ

ಹಾಡಿನ ಹೆಸರು ಹೇಳುವುದಿಲ್ಲ. ರಾಕ್ ಸಂಗೀತದ ಹುಚ್ಚಿದ್ದವರು ಹೇಗೂ ಊಹಿಸಿಬಿಡುತ್ತೀರಿ. ಊಹಿಸಿದವರು ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ಊರಿನ ಹೆಸರನ್ನೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಸಮುದ್ರಕ್ಕೆ ಅಂಟಿಕೊಂಡ ಒಂದು ಸಣ್ಣ ಊರು ಅಂದರೆ ಸಾಕು. ಪರದೇಶಕ್ಕೆ ಹೋಗಿ ಬಂದವರೆಲ್ಲ ಸೇತುವೆ, ಅರಮನೆ, ಗಡಿಯಾರದ ಗೋಪುರ ಎಂದು ಬರೆಯುತ್ತಾರೆ. ಅವನ್ನೆಲ್ಲ ನಾನೂ ನೋಡಿದೆ, ಕಾಲು ನೋಯಿಸಿಕೊಂಡೆ. ಆದರೆ ಅಷ್ಟು ದೂರ ಹೋಗುವ ಹಟ ನನಗೆ ಹತ್ತಿದ್ದು ನಮ್ಮ ಮಲ್ಲಪ್ಪ ಕಾಕಾನ ಮಾತು ಖರೆ ಎಂದು ತೋರಿಸಲಿಕ್ಕೆ.

ಮಂಗಸೂಳಿ

ಮಲ್ಲಪ್ಪ ಕಾಕಾ ನಮ್ಮ ಅಪ್ಪನ ತಮ್ಮ. ಮಂಗಸೂಳಿಯಲ್ಲಿ ಹೊಲ, ಹೊಲದಲ್ಲಿ ಬಾವಿ. ಕರೆಂಟಿನ ಪಂಪು ಬರುವ ತನಕ ಆ ಬಾವಿಯ ನೀರನ್ನು ಎತ್ತುಗಳೇ ಎಳೆಯುತ್ತಿದ್ದವು. ಕಂಡಿರದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾವಿಯ ಬಾಯಿಂದ ಒಂದು ಇಳಿಜಾರು ಇರುತ್ತದೆ. ಹಗ್ಗ ಕಟ್ಟಿದ ಎತ್ತುಗಳು ಆ ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ತೊಗಲಿನ ಮಟ್ಟಿ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಎತ್ತು ಹೊಡೆಯುವವನು ಹಗ್ಗದ ಮೇಲೆಯೇ ಕುಂತು ತನ್ನ ಭಾರವನ್ನೂ ಸೇರಿಸುತ್ತಾನೆ. ನೀರು ಸುರಿಯುವ ತನಕ ಎತ್ತು, ಮನುಷ್ಯ ಎಲ್ಲರೂ ನಿಲ್ಲಬೇಕು. ಆಮೇಲೆ ಎತ್ತುಗಳು ತಿರುಗದೆ, ಹಿಂದ್ಹಿಂದಕ್ಕೆ ಹೆಜ್ಜೆ ಇಡುತ್ತ ಇಳಿಜಾರು ಏರಿ ಬಾವಿಯ ಹತ್ತಿರ ಬರಬೇಕು.

ಇಲ್ಲಿಯೇ ಇರುವುದು ಕಸುಬು. ಬಡಿದರೆ ಎತ್ತು ಮುಂದಕ್ಕೆ ಹೋದೀತು, ಹಿಂದಕ್ಕೆ ಬಾರದು. ಹಿಂದಕ್ಕೆ ಬರಬೇಕೆಂದರೆ ಪ್ರೀತಿಯಿಂದ ಕರೆಯಬೇಕು. ಅದಕ್ಕೇ ಹಾಡು. ಇಳಿಯುವಾಗ ಉದ್ದನೆಯ ಒಂದು ಸಾಲು, ನೀರು ಸುರಿಯುವಾಗ ಮೌನ, ಏರುವಾಗ ಗಿಡ್ಡ ಗಿಡ್ಡ ಕರೆ. ಕಾಕಾ ತಾನೇ ಕಟ್ಟಿದ್ದ ಪದದ ಅರ್ಥ ಇಷ್ಟೇ: ನನ್ನ ಸರದಾರ, ಹೋಗುವ ನೀರಿನ ಮೇಲೆ ಕಣ್ಣಿಡು, ಹಿಂದ್ಹಿಂದಕ್ಕೆ ನನ್ನ ಹತ್ತಿರ ಬಾ.

ನಾನು ಅಥಣಿಯಲ್ಲಿ ಹೈಸ್ಕೂಲು ಓದುತ್ತಿದ್ದ ಕಾಲಕ್ಕೆ ಉದ್ದ ಕೂದಲಿನ ಒಬ್ಬ ಬಿಳಿಯ ಹುಡುಗ ತಂಬೂರಿ ಮಾಡಿಸಲು ಮಿರಜಕ್ಕೆ ಬಂದಿದ್ದನಂತೆ. ತಂಬೂರಿ ಅವಸರಕ್ಕೆ ಆಗುವ ಸಾಮಾನಲ್ಲ. ಸೋರೆ ಬುರುಡೆ ಒಣಗಬೇಕು, ಬಣ್ಣ ಒಣಗಬೇಕು. ಅಲ್ಲಿಯ ತನಕ ಮಾಡುವುದೇನು ಎಂದು ಕಾಗವಾಡದ ಬಸ್ಸು ಹತ್ತಿ, ಮಂಗಸೂಳಿಯ ಮಲ್ಲಯ್ಯನ ಗುಡಿಯಲ್ಲಿ ಅರಿಸಿನದ ಭಂಡಾರ ಹಾರಿಸುವುದನ್ನು ನೋಡಲು ಬಂದವನು ಕಾಕಾನ ಹೊಲದ ಗುಡಿಸಲಿನಲ್ಲಿಯೇ ಉಳಿದುಬಿಟ್ಟ. ಹೆಸರು ಟೋನಿ, ಕಾಕಾನ ಬಾಯಲ್ಲಿ ಟೋನ್ಯಾ. ರೊಟ್ಟಿ ತಿಂದ, ಕೆಂಪು ಚಟ್ನಿ ತಿಂದು ಅತ್ತ, ಮಟ್ಟಿ ಹೊಡೆಯುವುದನ್ನು ಕಲಿತ. ಪದದ ಅರ್ಥವನ್ನು ಉಗಾರದ ಕಾರ್ಖಾನೆಯ ಒಬ್ಬ ಕಾರಕೂನ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದ್ದ. ಆ ಕಾರಕೂನ ಈಗ ಬದುಕಿಲ್ಲ. ತಂಬೂರಿ ತಯಾರಾದ ಮೇಲೆ ಟೋನ್ಯಾ ತನ್ನ ದಾರಿ ಹಿಡಿದ.

ಎಂಬತ್ತರ ದಶಕದಲ್ಲಿ ಒಂದು ಸಲ ಕಾಕಾ ನಿಪ್ಪಾಣಿಗೆ ಲಗ್ನಕ್ಕೆ ಹೋಗಿದ್ದ. ಚಹಾದ ಅಂಗಡಿಯಲ್ಲಿ ಕೊಲ್ಹಾಪುರದ ಕಾಲೇಜು ಹುಡುಗರು ಟೇಪ್ ರೆಕಾರ್ಡರ್ ಹಚ್ಚಿಕೊಂಡು ಕುಂತಿದ್ದರು. ಬಶಿಯಲ್ಲಿ ಸುರಿದುಕೊಂಡ ಚಹಾ ಆರಿಹೋದರೂ ಕಾಕಾ ಅದನ್ನು ಹಿಡಿದುಕೊಂಡೇ ಇದ್ದನಂತೆ. ಆಮೇಲೆ ಇದು ಟೋನ್ಯಾನ ಧ್ವನಿ, ಧಾಟಿ ನನ್ನ ಮಟ್ಟಿ ಪದದ್ದು ಅಂದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಜಗತ್ತೆಲ್ಲ ತಲೆದೂಗುವ ಹಾಡು, ಹಾಡುಗಾರ ತನ್ನ ಪ್ರೇಯಸಿಯ ಮೇಲೆ ಕಟ್ಟಿದ್ದು, ನೀನು ಎತ್ತಿನ ಹಾಡು ಅಂತೀಯಲ್ಲೋ ಅಜ್ಜಾ ಎಂದರು.

ನಕ್ಕರೆ ನಗಲಿ ಎಂದು ಬಿಡಬಹುದಿತ್ತು. ಆದರೆ ಕಾಕಾನ ಬಾಳು ನಿಂತಿದ್ದೇ ಮಾತಿನ ಮೇಲೆ. ಎತ್ತಿನ ವ್ಯಾಪಾರದಲ್ಲಿ ತಕರಾರು ಬಂದರೆ ಚಿಕ್ಕೋಡಿ, ರಾಯಬಾಗದ ಸಂತೆಯವರೆಗೂ ಅವನನ್ನು ಕರೆಯುತ್ತಿದ್ದರು. ಹಲ್ಲು ನೋಡಿ, ಗೊರಸು ನೋಡಿ ಅವನು ಹೇಳಿದ್ದೇ ಕೊನೆಯ ಮಾತು. ಈ ಹಾಡಿನ ಸುದ್ದಿ ಹಬ್ಬಿದ ಮೇಲೆ, ಮಲ್ಲಪ್ಪ ಹೇಳಿದ್ನಾ, ಹಂಗಾದ್ರ ಬಿಡು ಎನ್ನುವುದೇ ಊರ ಗಾದೆಯಾಯಿತು. ಕರೆಯುವುದು ನಿಂತಿತು. ಕಾಕಾ ಸಂತೆ ಬಿಟ್ಟ, ಗುಡಿಯ ಭಜನೆಯಲ್ಲಿ ಬಾಯಿ ತೆರೆಯುವುದನ್ನೂ ಬಿಟ್ಟ. ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕುಂತಿರುತ್ತಿದ್ದ.

ತೊಂಬತ್ತರ ದಶಕ ಶುರುವಾದಾಗ ನಮ್ಮ ಮನೆಯವರು, ಅಂದರೆ ನನ್ನ ಗಂಡ, ದ್ರಾಕ್ಷಿ ಬೆಳೆಗಾರರ ಒಂದು ತಂಡದ ಜೊತೆ ಲಂಡನ್ನಿಗೆ ಹೊರಟರು. ನಮ್ಮ ಕಡೆಯ ದ್ರಾಕ್ಷಿ ಅಲ್ಲಿನ ಪೇಟೆಯಲ್ಲಿ ಹೇಗೆ ಮಾರಾಟವಾಗುತ್ತದೆ ಎಂದು ನೋಡಿ ಬರುವ ಪ್ರವಾಸ. ಅಥಣಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು ದುಭಾಷಿ ಎಂಬ ನೆಪ ಮಾಡಿ ಗಂಟುಬಿದ್ದೆ. ಅದೇ ಹೊತ್ತಿಗೆ ಮುಂಬಯಿಯ ಒಂದು ಇಂಗ್ಲಿಷ್ ಪತ್ರಿಕೆಯವನು ಯಾರಿಂದಲೋ ಕಾಕಾನ ವಿಷಯ ಕೇಳಿ ಫೋನು ಮಾಡಿದ್ದ. ಟೋನಿ ತೀರಿಹೋಗಿ ಕೆಲವು ವರ್ಷಗಳಾದವು ಎಂದು ನಮಗೆ ತಿಳಿದದ್ದು ಅವನಿಂದಲೇ. ಆ ಹಾಡು ತನ್ನ ಮೇಲೆ ಕಟ್ಟಿದ್ದೆಂದು ಅಲ್ಲಿ ಇಬ್ಬರು ಹೆಂಗಸರು ಜಗಳಾಡುತ್ತಿದ್ದಾರೆ, ಒಬ್ಬಾಕೆ ಅವನ ಮೊದಲ ಹೆಂಡತಿ, ಆ ಸಮುದ್ರದ ಊರಿನಲ್ಲಿದ್ದಾಳೆ ಎಂದೂ ಹೇಳಿದ. ನೀವು ಪುರಾವೆ ತನ್ನಿ, ನಾನು ಬಂದು ದೊಡ್ಡದಾಗಿ ಬರೆಯುತ್ತೇನೆ ಎಂದ.

ಹೊರಡುವ ದಿನ ಕಾಕಾ ಮಲ್ಲಯ್ಯನ ಭಂಡಾರದ ಪೊಟ್ಟಣ ನನ್ನ ಕೈಗಿಟ್ಟ.

“ಪಾಪ, ಹರೇದಾಗ ಹ್ವಾದ ಟೋನ್ಯಾ. ಅವನ ಮನ್ಯಾಗ ಇದನ್ನ ಕೊಡು. ಮತ್ತ ಪದ ಯಾರದು ಅನ್ನೂದನ್ನ ತಿಳಕೊಂಡ ಬಾ ಸರೂ. ನನಗ ರೊಕ್ಕ ಬ್ಯಾಡ, ಹೆಸರ ಬ್ಯಾಡ. ಮಲ್ಲಪ್ಪ ಸುಳ್ಳ ಹೇಳಿಲ್ಲ ಅಂತ ಈ ಮಂದಿಗೆ ಗೊತ್ತಾದ್ರ ಸಾಕು.”

ಲಂಡನ್

ಆ ಭಂಡಾರ ವಿಮಾನ ನಿಲ್ದಾಣದಲ್ಲಿಯೇ ನಮ್ಮ ಮರ್ಯಾದೆ ಹರಾಜು ಹಾಕಿತು. ಹಳದಿ ಪುಡಿಯ ಪೊಟ್ಟಣ ನೋಡಿ ಅಧಿಕಾರಿ ಹುಬ್ಬು ಗಂಟಿಕ್ಕಿದ. ದೇವರದು ಎಂದೆ. ಯಾವ ದೇವರು ಎಂದು ಕೇಳಿದ. ಮಲ್ಲಯ್ಯನ ಕಥೆಯನ್ನು ಇಂಗ್ಲಿಷಿನಲ್ಲಿ ಎಲ್ಲಿಂದ ಶುರು ಮಾಡಲಿ? ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿಕೊಂಡೆ, ನಮ್ಮ ಮನೆಯವರ ಹಣೆಗೂ ಬಳಿದೆ. ಅಧಿಕಾರಿ ಬಗ್ಗಿ ಮೂಸಿ ನೋಡಿದವನು ಸೀನತೊಡಗಿದ, ಸೀನುತ್ತಲೇ ಕೈಬೀಸಿ ನಮ್ಮನ್ನು ಹೊರಗೆ ಕಳಿಸಿದ. ನಮ್ಮ ಹಿಂದೆ ನಿಂತಿದ್ದ ಬೆಳೆಗಾರರೆಲ್ಲ ನಾವು ಯಾರೋ ಎಂಬಂತೆ ಬೇರೆ ಕಡೆ ನೋಡುತ್ತಿದ್ದರು.

ಪೇಟೆಯಲ್ಲಿ ದ್ರಾಕ್ಷಿಯನ್ನು ಹಸುಗೂಸಿನಂತೆ ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ನಮ್ಮ ಮನೆಯವರು ಅಭ್ಯಾಸಬಲದಿಂದ ಒಂದು ಕಾಯಿ ಕಿತ್ತು ಬಾಯಿಗೆ ಹಾಕಿಕೊಂಡರು. ಅಂಗಡಿಯವನು ಬೈಯಲಿಲ್ಲ, ಬರೀ ನೋಡಿದ. ಬೈದಿದ್ದರೆ ಒಳ್ಳೆಯದಿತ್ತು, ನಾವೂ ತಿರುಗಿ ನಾಲ್ಕು ಮಾತು ಆಡಬಹುದಿತ್ತು ಎಂದು ಅವರು ದಿನವಿಡೀ ಗೊಣಗಿದರು.

ತಂಡದವರಿಗೆ ಹೇಳಿ ನಾವಿಬ್ಬರೇ ಸಮುದ್ರದ ಕಡೆಯ ರೈಲು ಹತ್ತಿದೆವು. ಡಬ್ಬಿ ತುಂಬ ಜನ, ಒಂದು ಪಿಸುಮಾತಿಲ್ಲ. ಮಿರಜದ ಗಾಡಿಯಲ್ಲಾದರೆ ಕುಡಚಿ ಬರುವಷ್ಟರಲ್ಲಿ ಎದುರಿನವರು ನಮ್ಮ ಊರು, ಮಕ್ಕಳು, ಮಂಡಿನೋವು ಎಲ್ಲ ಕೇಳಿ ಮುಗಿಸಿ ಚುರುಮುರಿ ಕೈಗಿಡುತ್ತಿದ್ದರು. ಇಲ್ಲಿ ನಾನು ಶೇಂಗಾ ಹೋಳಿಗೆ ಬಿಚ್ಚಿ ಎದುರಿನ ಹೆಂಗಸಿಗೆ ನೀಡಿದರೆ ಆಕೆ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೆಂಪಾದಳು. ಆದರೂ ತೆಗೆದುಕೊಂಡಳು. ತಿಂದ ಮೇಲೆ ಇನ್ನರ್ಧವನ್ನು ಕಾಗದದಲ್ಲಿ ಕಟ್ಟಿ ಚೀಲದಲ್ಲಿ ಇಟ್ಟುಕೊಂಡಳು. ಮನೆಯಲ್ಲಿ ಯಾರೋ ಇದ್ದಾರೆ ಎಂದು ಅಂದುಕೊಂಡೆ.

ಸಮುದ್ರದ ಊರು

ಊರಿನ ಒಂದು ಬದಿಗೆ ದೋಣಿಗಳನ್ನು ನೀರಿಗಿಳಿಸುವ ಕಲ್ಲಿನ ಇಳಿಜಾರು. ಅದರ ಪಕ್ಕ ಒಂದು ಫಲಕ. ಇಂಥ ಹಾಡುಗಾರ ದೂರದೇಶಕ್ಕೆ ಹೊರಟ ದಿನ ಅವನ ಹೆಂಡತಿ, ದೋಣಿ ಕಣ್ಣಿಗೆ ಮರೆಯಾಗುವ ತನಕ, ನೀರಿನ ಮೇಲಿನ ಕಣ್ಣು ಕೀಳದೆ ಈ ಇಳಿಜಾರಿನಲ್ಲಿ ಹಿಂದ್ಹಿಂದಕ್ಕೆ ನಡೆದು ಏರಿದಳು, ಆ ಪ್ರಸಿದ್ಧ ಹಾಡು ಹುಟ್ಟಿದ್ದು ಅದರಿಂದ ಎಂದು ಬರೆದಿತ್ತು. ಹೋಗುವ ನೀರು, ಹಿಂದಿನ ಹೆಜ್ಜೆ, ಇಳಿಜಾರು ಎಲ್ಲವೂ ಇದ್ದವು. ಕಾಕಾ ಸೋತ ಎಂದುಕೊಂಡೆ.

ಕೆಳಗೆ ಬೇರೆ ಬಣ್ಣದಲ್ಲಿ ಆಮೇಲೆ ಸೇರಿಸಿದ ಒಂದು ಸಾಲಿತ್ತು: ಎಂದು ಹೇಳಲಾಗುತ್ತದೆ.

ಬಂದವರೆಲ್ಲ ಆ ಇಳಿಜಾರಿನಲ್ಲಿ ಹಿಂದಕ್ಕೆ ನಡೆಯುತ್ತಿದ್ದರು. ಜೋಡಿಗಳು ಕೈಕೈ ಹಿಡಿದು, ಮುದುಕರು ಕೋಲೂರಿ. ಹಾಗೆ ನಡೆದರೆ ಅಗಲಿದವರು ಮರಳಿ ಬರುತ್ತಾರಂತೆ. ನಮ್ಮಲ್ಲಿ ಗುಡಿ ಸುತ್ತುತ್ತಾರೆ, ಇವರು ಹಿಂದಕ್ಕೆ ನಡೆಯುತ್ತಾರೆ, ಅಷ್ಟೇ ಫರಕು. ನಮ್ಮ ಮನೆಯವರು ಸುಮ್ಮನಿರಬೇಕಲ್ಲ? ಎತ್ತು ಮಾಡುವ ಕೆಲಸ ಮನುಷ್ಯನಿಗೆ ಆಗದೇ ಎಂದು ಧೋತರ ಎತ್ತಿ ಕಟ್ಟಿ ನೀರಿನ ಅಂಚಿಗೆ ಇಳಿದರು. ಪಾಚಿಯ ಮೇಲೆ ಕಾಲಿಟ್ಟಿದ್ದೇ ತಡ, ಸೊಂಟದವರೆಗೂ ಸಮುದ್ರದಲ್ಲಿದ್ದರು.

ಎದುರಿನ ಚಹಾದಂಗಡಿಯಿಂದ ಬಿಳಿಗೂದಲಿನ ಒಬ್ಬ ಹೆಂಗಸು ಟವೆಲು ಹಿಡಿದು ಬಂದಳು, ಓಡಲೂ ಇಲ್ಲ, ಗಾಬರಿಯೂ ಇಲ್ಲ. ವಾರಕ್ಕೆ ಒಬ್ಬರಾದರೂ ಬೀಳುತ್ತಾರೆ, ಅದಕ್ಕೇ ಬಾಗಿಲ ಹಿಂದೆ ಟವೆಲು ಇಟ್ಟಿರುತ್ತೇನೆ ಎಂದಳು. ಅವಳೇ ಡೊರೊಥಿ, ಟೋನಿಯ ಮೊದಲ ಹೆಂಡತಿ.

ಡೊರೊಥಿಯ ಅಡುಗೆಮನೆ

ಅಂಗಡಿಯ ಹಿಂದೆಯೇ ಅವಳ ಅಡುಗೆಮನೆ. ಒಲೆಯ ಮುಂದೆ ನಮ್ಮ ಮನೆಯವರನ್ನು ಕೂರಿಸಿ, ಒಂದು ಹಳೆಯ ಉಣ್ಣೆಯ ಅಂಗಿ, ಪ್ಯಾಂಟು ಕೊಟ್ಟಳು. ಅವು ಟೋನಿಯವು. ಜಗತ್ತಿನ ಹುಡುಗಿಯರೆಲ್ಲ ಹುಚ್ಚಾಗಿದ್ದ ಹಾಡುಗಾರನ ಅಂಗಿಯಲ್ಲಿ ನಮ್ಮ ದ್ರಾಕ್ಷಿ ಬೆಳೆಗಾರ ನಡುಗುತ್ತ ಕುಂತಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಗು ಹಂಚಿಕೊಂಡ ಮೇಲೆ ಮಾತು ತಾನಾಗಿ ಬಂತು. ನಾನು ಅವಳನ್ನು ನಮ್ಮ ಪದ್ಧತಿಯಂತೆ ಡೊರೊಥಿ ಬಾಯಿ ಎಂದೆ, ಅವಳಿಗೆ ಅದು ಹಿಡಿಸಿತು.

ನಾವು ಮಿರಜದ ಆಸುಪಾಸಿನವರು, ನಮ್ಮ ಕಾಕಾನ ಹೊಲದಲ್ಲಿ ಟೋನಿ ಇದ್ದ ಎಂದು ಹೇಳಿ ಭಂಡಾರ ಕೊಟ್ಟೆ. ಅವಳು ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಆ ಊರಿನ ಬಗ್ಗೆ ಅವನು ಬಹಳ ಹೇಳುತ್ತಿದ್ದ, ರೊಟ್ಟಿಯ ಸದ್ದಿನ ಬಗ್ಗೆ ಹೇಳುತ್ತಿದ್ದ ಎಂದಳು. ಹಾಡಿನ ಬಗ್ಗೆ ನಾನು ಇನ್ನೂ ತುಟಿ ಬಿಚ್ಚಿರಲಿಲ್ಲ. ಅವಳೇ ತೆಗೆದಳು.

ಹೆಸರು ಬಂದ ಮೇಲೆ ಟೋನಿ ಅವಳನ್ನು ಬಿಟ್ಟು ಲಂಡನ್ನಿಗೆ ಹೋದ, ಅಲ್ಲಿ ಇನ್ನೊಬ್ಬಳ ಜೊತೆ ಬಾಳಿದ, ಅಲ್ಲಿಯೇ ಸತ್ತ. ಮಣ್ಣು ಮಾಡುವಾಗ ಡೊರೊಥಿ ಎಲ್ಲರ ಹಿಂದೆ, ಚರ್ಚಿನ ಬಾಗಿಲ ಹತ್ತಿರ ನಿಂತಿದ್ದಳಂತೆ. ಮಕ್ಕಳಿಲ್ಲ. ಅವನಿಂದ ನನಗೆ ಉಳಿದದ್ದು ಆ ಹಾಡೊಂದು ಎಂದಳು. ಈಚೆಗೆ ಲಂಡನ್ನಿನವಳು ಹಾಡು ತನ್ನದೆಂದು ಪತ್ರಿಕೆಗೆ ಹೇಳಿದ್ದಾಳೆ. ಅದಾದ ಮೇಲೆ ಊರಿನವರು ಫಲಕದ ಕೆಳಗೆ ಆ ಸಾಲು ಸೇರಿಸಿದರು. ಪ್ರತಿದಿನ ಅಂಗಡಿಯ ಕಿಟಕಿಯಿಂದ ಅದು ಕಾಣುತ್ತದೆ.

ಆದರೆ ಹಾಡು ತನ್ನದು ಎನ್ನಲು ಅವಳಿಗೆ ಒಂದು ಗುರುತು ಇತ್ತು. ಯಾವ ಪತ್ರಿಕೆಗೂ ಹೇಳದ್ದನ್ನು ನಮಗೆ ಹೇಳಿದಳು. ಇಂಡಿಯಾದಿಂದ ಬಂದು ಮೊದಲ ಸಲ ಅವನು ಆ ಹಾಡು ಹಾಡಿದ್ದು ಇದೇ ಅಡುಗೆಮನೆಯಲ್ಲಿ, ಗಿಟಾರು ಇಲ್ಲದೆ. ಹಾಡುವಾಗ ಹೀಗೆ ಮಾಡುತ್ತಿದ್ದ ಎಂದು ಹಾಡು ಗುನುಗುತ್ತ ಕುರ್ಚಿಯ ಅಂಚಿಗೆ ಸರಿದು ಹಿಂದಕ್ಕೆ ವಾಲಿದಳು. ಅವನು ದೋಣಿ ಹುಟ್ಟು ಹಾಕುತ್ತ ನನ್ನ ಕಡೆ ಮರಳಿ ಬರುತ್ತಿದ್ದ, ನೋಡು ಎಂದಳು.

ನಾನು ನೋಡಿದೆ. ಅವಳ ಎಡಗೈ ತೊಡೆಯ ಕೆಳಗೆ ಏನನ್ನೋ ಬಿಗಿಯಾಗಿ ಹಿಡಿದಿತ್ತು. ಬಲಗೈ ಮುಂದೆ ಚಾಚಿ ಗಾಳಿಯಲ್ಲಿ ಯಾರದೋ ಬೆನ್ನು ತಟ್ಟುತ್ತಿತ್ತು. ನಡುವಿನ ಮೌನ ಬಂದಾಗ ನಾಲಗೆಯಿಂದ ಲೊಟಕ್ ಎಂದು ಎರಡು ಸಲ ಸದ್ದು ಮಾಡಿದಳು, ಆಮೇಲೆ ಮೈಯನ್ನು ಮೆಲ್ಲಗೆ ಮೇಲಕ್ಕೆತ್ತಿದಳು. ದೋಣಿ ಹುಟ್ಟು ಹಾಕುವವನು ಒಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವುದಿಲ್ಲ. ಹಗ್ಗದ ಮೇಲೆ ಕುಂತವನು ಇಟ್ಟುಕೊಳ್ಳುತ್ತಾನೆ. ಮಂಗಸೂಳಿಯ ಬಾವಿಯ ಮೇಲೆ ಕಾಕಾ ಕುಂತ ಹಾಗೆಯೇ, ಆ ಬಿಳಿಗೂದಲಿನ ಹೆಂಗಸು ಇಂಗ್ಲೆಂಡಿನ ಅಡುಗೆಮನೆಯಲ್ಲಿ ಕುಂತು ಎತ್ತನ್ನು ಹಿಂದಕ್ಕೆ ಕರೆಯುತ್ತಿದ್ದಳು.

ನಮ್ಮ ಮನೆಯವರು ನನ್ನ ಮುಖ ನೋಡಿದರು. ಅವರಿಗೂ ತಿಳಿದಿತ್ತು. ನನಗಾದ ಸಂತೋಷ ಏನು ಹೇಳಲಿ! ಕಾಕಾ ಗೆದ್ದಿದ್ದ. ಎದ್ದು ಕೂಗಬೇಕು ಅನಿಸಿತು. ಅಷ್ಟರಲ್ಲಿ ಅವಳು ಕೇಳಿದಳು: ಆ ಲೊಟಕ್ ಎನ್ನುವ ಸದ್ದು, ಆ ತಟ್ಟುವುದು, ಅದನ್ನೆಲ್ಲ ಅವನು ನಿಮ್ಮ ಕಡೆ ಕಲಿತದ್ದೆಂದು ಕಾಣುತ್ತದೆ, ನಿಮ್ಮಲ್ಲಿ ಅದಕ್ಕೆ ಏನು ಅರ್ಥ?

ನಾನು ಎತ್ತಿನ ಮಾತೆತ್ತಲಿಲ್ಲ. ಬಹಳ ಪ್ರೀತಿಯಿಂದ ಸಾಕಿದವರನ್ನು ಹತ್ತಿರ ಕರೆಯುವಾಗ ನಮ್ಮಲ್ಲಿ ಹಾಗೆ ಮಾಡುತ್ತಾರೆ, ಪ್ರೀತಿ ಇಲ್ಲದವನು ಕರೆದರೆ ಅವರು ಬರುವುದಿಲ್ಲ ಎಂದೆ. ಸುಳ್ಳನ್ನಂತೂ ಹೇಳಲಿಲ್ಲ.

ಅವಳು ಅತ್ತಳು. ಅವರ ದೇಶದವರು ಅಳುವಾಗ ಮುಖ ತಿರುಗಿಸುತ್ತಾರೆ, ಅವಳೂ ತಿರುಗಿಸಿದಳು. ನಾನು ನಮ್ಮ ದೇಶದವಳು, ಎದ್ದು ಹೋಗಿ ತಬ್ಬಿಕೊಂಡು ಹಣೆಗೆ ಭಂಡಾರ ಹಚ್ಚಿದೆ.

ಮತ್ತೆ ಮಂಗಸೂಳಿ

ಕಾಕಾನಿಗೆ ಒಂದೂ ಬಿಡದೆ ಹೇಳಿದೆ. ಕೈ ಹೇಗಿತ್ತು, ಮಾಡಿ ತೋರಿಸು ಎಂದ. ತೋರಿಸಿದೆ. ಎಡಗೈ ತೊಡೆಯ ಕೆಳಗೆ ಇತ್ತೇ ಎಂದು ಮತ್ತೆ ಮತ್ತೆ ಕೇಳಿದ. ಮೊದಲು ಟೋನ್ಯಾ ಎರಡೂ ಕೈಯಿಂದ ಹಗ್ಗ ಹಿಡಿದು ಬೀಳುತ್ತಿದ್ದನಂತೆ, ಕೈಯನ್ನು ತೊಡೆಯ ಕೆಳಗೆ ಇಡಲು ಕಲಿಸಿದ್ದು ತಾನೇ ಎಂದು ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. ಎಷ್ಟೋ ವರ್ಷಗಳ ಮೇಲೆ ನಾನು ಕಾಕಾನ ಹಲ್ಲು ಕಂಡದ್ದು ಅಂದೇ. ಆಮೇಲೆ ಡೊರೊಥಿಯ ಬಗ್ಗೆ ಕೇಳಿದ. ಮಕ್ಕಳು ಮರಿ, ಅಂಗಡಿ, ಆ ಫಲಕ, ಎಲ್ಲ ಕೇಳಿದ.

“ಎತ್ತಿನ ಪದಾ ಅಂತ ಆಕೀಗೆ ಹೇಳಿದೇನು?”

ಇಲ್ಲ ಎಂದೆ. ಪತ್ರಿಕೆಯಲ್ಲಿ ಬಂದರೆ ಆಕೆ ಓದುವಳೇ ಎಂದ. ಮುಂಬಯಿಯವನು ಬರೆದರೆ ಅಲ್ಲಿಯ ಪತ್ರಿಕೆಯವರು ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆ ಎಂದೆ.

ಕೆಲವು ದಿನಗಳಲ್ಲಿ ಪತ್ರಿಕೆಯವನು ಕ್ಯಾಮೆರಾ ತೂಗುಹಾಕಿಕೊಂಡು ಬಂದ. ಅವನಿಗೆ ಮರಾಠಿಯೂ ಬಾರದು, ಕನ್ನಡವೂ ಬಾರದು, ದುಭಾಷಿ ನಾನೇ. ಬಾವಿಯ ಸುತ್ತ ಊರೇ ನೆರೆದಿತ್ತು. ಕಾಗವಾಡದಿಂದ, ಉಗಾರದಿಂದ ಬಂದಿದ್ದರು. ಕಾಕಾನನ್ನು ಆಡಿಕೊಂಡವರೆಲ್ಲ ಮುಂದೆಯೇ ನಿಂತಿದ್ದರು, ಅದು ನನಗೆ ಬಹಳ ಖುಷಿ ಕೊಟ್ಟಿತು. ಹೊಸ ರುಮಾಲು ಸುತ್ತಿಕೊಂಡು ಕಾಕಾ ಬಾವಿಯ ಕಟ್ಟೆಯ ಮೇಲೆ ಕುಂತ. ಆ ಹಾಡು ನಿಮ್ಮದೇನು ಎಂದು ಪತ್ರಿಕೆಯವನು ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಿದೆ.

“ಆ ಹುಡುಗ ಇಲ್ಲಿ ಇದ್ದದ್ದು ಖರೆರಿ,” ಅಂದ ಕಾಕಾ, ಎಲ್ಲರಿಗೂ ಕೇಳುವ ಹಾಗೆ. “ಪದ ಮಾತ್ರ ಬರುವಾಗನ ಅವನ ಬಾಯಾಗ ಇತ್ತು. ಬಿಟ್ಟ ಬಂದ ಹೇಂತೀನ ನೆನಸಿ ಹಾಡತಿದ್ದ. ಅವನ ಕಡಿಂದ ನಾ ಕಲತೇನಿ. ನಂದು ಅಂತ ಇಷ್ಟ ದಿನಾ ಸುಳ್ಳ ಹೇಳಿದ್ದೆ.”

ಜನ ಗೊಳ್ಳೆಂದು ನಕ್ಕರು. ಯಾರೋ ಸಿಳ್ಳು ಹಾಕಿದರು. ಪತ್ರಿಕೆಯವನು ಪೆನ್ನು ಹಿಡಿದು ನನ್ನ ಬಾಯಿ ನೋಡುತ್ತಿದ್ದ. ನಾನು ಬೇರೆ ಏನು ಹೇಳಿದ್ದರೂ ಅವನು ಅದನ್ನೇ ಬರೆದುಕೊಳ್ಳುತ್ತಿದ್ದ. ಕಾಕಾ ನನ್ನನ್ನೇ ನೋಡಿದ, ಬೇರೆ ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಅವನು ಹೇಳಿದ್ದನ್ನೇ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಶಾಲೆಯಲ್ಲಿ ದಿನವೂ ಆಡುವ ಇಂಗ್ಲಿಷು ಅಂದು ಬಾಯಲ್ಲಿ ಕಲ್ಲಾಯಿತು.

ಜನ ಚದುರಿದ ಮೇಲೆ ನಾನು ಕಾಕಾನ ಮೇಲೆ ಹರಿಹಾಯ್ದೆ. ಇದಕ್ಕಾಗಿಯೇ ನಾನು ಸಮುದ್ರ ದಾಟಿ ಹೋಗಿ ಬಂದೆನೇ, ನಾಳೆಯಿಂದ ನೀನು ಊರಲ್ಲಿ ತಲೆ ಎತ್ತುವುದು ಹೇಗೆ, ಆಕೆ ನಿನಗೆ ಯಾರು, ಕಂಡವಳೇ ಕೇಳಿದವಳೇ ಎಂದು ಅಳುತ್ತಲೇ ಬೈದೆ. ಕಾಕಾ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

“ನನ್ನ ಮಾತ ಹ್ವಾದ್ರ ನೀ ಅದೀ, ಮನಿ ಮಂದಿ ಅದಾರ. ಪದಾ ಹ್ವಾದ್ರ ಆಕೀಗೆ ಏನ ಉಳೀತೈತಿ, ಹೇಳು?”